ಯಕ್ಷಗಾನದ ಹಳೆ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿದ್ದು: ಬೆಲ್ಟು, ಹೆಡ್ಡು, ಬೂಷ್ಟು ಮತ್ತು ಆಡಾಸಿಟಿ

ಉಡುಪಿಯ ಕುಂಜಿಬೆಟ್ಟಿನ ನಮ್ಮ ಮನೆಯಲ್ಲಿ ಒಂದು ಹಳೆ ಲ್ಯಾಪ್‌ಟಾಪಿಗೆ ಸೆಕೆಂಡ್ ಹ್ಯಾಂಡ್ ಕ್ಯಾಸೆಟ್ ಡೆಕ್ಕು ಜೋಡಿಸಿ ಇಟ್ಟಿದ್ದೇನೆ. ಸೋದರಮಾವನ ಯಕ್ಷಗಾನ, ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ) ಕ್ಯಾಸೆಟ್‌ಗಳು ಒಂದೊಂದಾಗಿ ಅದರಲ್ಲಿ ಇಳಿಯುತ್ತಿವೆ. ಕೆಲಸ ಪೂರ್ತಿ ಮುಗಿದಿಲ್ಲ, ಅರ್ಧ ದಾಟಿದೆ. ಕಷ್ಟದ ಭಾಗವೆಲ್ಲ ಆಗಿರುವುದರಿಂದ ಈಗಲೇ ಬರೆದಿಡುತ್ತಿದ್ದೇನೆ. ನಮ್ಮ ಕರಾವಳಿಯಲ್ಲಿ ಎಷ್ಟೋ ಮನೆಗಳ ಅಟ್ಟದಲ್ಲಿ ಇಂಥ ಪೆಟ್ಟಿಗೆಗಳು ಇನ್ನೂ ಇವೆ, ಅಲ್ವಾ? ಪ್ರತಿ ಮಳೆಗಾಲಕ್ಕೂ ಅವು ಸ್ವಲ್ಪ ಸ್ವಲ್ಪ ಹಾಳಾಗುತ್ತಿವೆ.

ನನಗೆ ಖಚಿತವಾದ ಒಂದು ಮಾತು ಮೊದಲೇ ಹೇಳುತ್ತೇನೆ. ಶಬ್ದ ಚೆನ್ನಾಗಿ ಬರುವುದು ಡೆಕ್ಕನ್ನು ಸರಿ ಮಾಡಿದರೆ. ಡೆಕ್ಕಿನಲ್ಲಿ ಕಳೆದುಹೋದದ್ದನ್ನು ಯಾವ ಸಾಫ್ಟ್‌ವೇರೂ ವಾಪಸ್ ತರುವುದಿಲ್ಲ. ಬಂದದ್ದನ್ನು ಹಾಗೇ ಜೋಪಾನ ಮಾಡುವುದು ಸಾಫ್ಟ್‌ವೇರಿನ ಕೆಲಸ. ಆ ಕೆಲಸಕ್ಕೆ ಓಪನ್ ಸೋರ್ಸ್ (ಕೋಡು ಎಲ್ಲರಿಗೂ ತೆರೆದಿಟ್ಟ) ಸಾಫ್ಟ್‌ವೇರ್ ಬಿಟ್ಟು ಬೇರೇನೂ ಬೇಕಾಗಲಿಲ್ಲ.

1. ಪೆಟ್ಟಿಗೆಯಲ್ಲಿ ಇದ್ದದ್ದು

ಎರಡು ರಟ್ಟಿನ ಪೆಟ್ಟಿಗೆ. ಅರ್ಧದಷ್ಟು ಅಂಗಡಿಯಲ್ಲಿ ಕೊಂಡ ಕ್ಯಾಸೆಟ್‌ಗಳು. ಉಳಿದವು ಮಾವನೇ ಬಯಲಾಟಕ್ಕೆ, ತಾಳಮದ್ದಳೆ ಕೂಟಕ್ಕೆ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ ಮಾಡಿದ ರೆಕಾರ್ಡಿಂಗ್. ಜಾಸ್ತಿ ಇದ್ದದ್ದು ಸಿ-60, ಸಿ-90. ಅಂದರೆ ಒಂದು ಬದಿಗೆ 30 ನಿಮಿಷ ಅಥವಾ 45 ನಿಮಿಷ. ನನಗೆ ಬೆಲೆಯುಳ್ಳದ್ದು ಅನಿಸಿದ್ದು ಮಾವ ಮಾಡಿದ ರೆಕಾರ್ಡಿಂಗ್‌ಗಳೇ. ಅಂಗಡಿಯದ್ದು ಇನ್ನೊಬ್ಬರ ಮನೆಯಲ್ಲೂ ಸಿಗಬಹುದು. ಮಾವ ಚೌಕಿ (ಕಲಾವಿದರು ವೇಷ ಕಟ್ಟುವ ಜಾಗ) ಪಕ್ಕ ಕೂತು ರೆಕಾರ್ಡ್ ಮಾಡಿದ ರಾತ್ರಿ ಈ ಒಂದು ಟೇಪಿನಲ್ಲಿ ಮಾತ್ರ ಇದೆ.

ಹಾಗಾಗಿ ಮನೆ ರೆಕಾರ್ಡಿಂಗ್‌ಗಳನ್ನೇ ಮೊದಲು ತೆಗೆದುಕೊಂಡೆ. ಪ್ರತಿಯೊಂದಕ್ಕೂ ಅಂಚಿನಲ್ಲಿ ಪೆನ್ಸಿಲ್ಲಿನಿಂದ ನಂಬರ್ ಹಾಕಿ, ಲೇಬಲ್ಲಿನ ಫೋಟೋ ತೆಗೆದೆ. ಇಂಕು ಮಾಸಿ ಹೋದ ಲೇಬಲ್ ಕೂಡ ಫೋಟೋದಲ್ಲಿ ಬೆಳಕು ಹೆಚ್ಚು ಕಡಿಮೆ ಮಾಡಿದರೆ ಓದಲು ಬರುತ್ತದೆ.

2. ಅಗ್ಗದ ದಾರಿ, ಉಪಯೋಗಕ್ಕೆ ಬರಲಿಲ್ಲ

ಆನ್‌ಲೈನಿನಲ್ಲಿ ಯುಎಸ್‌ಬಿ ಕ್ಯಾಸೆಟ್ ಪ್ಲೇಯರ್ ಅಂತ ಕೈಯಗಲದ ಒಂದು ಸಾಧನ ಸಿಗುತ್ತದೆ. 1,400 ರೂಪಾಯಿ ಕೊಟ್ಟು ತರಿಸಿದೆ. ಹಾಕಿ ಕೇಳಿದರೆ ಭಾಗವತರು (ಯಕ್ಷಗಾನದ ಹಾಡುಗಾರರು) ಎಳೆದ ಸ್ವರ ನೆಟ್ಟಗೆ ನಿಲ್ಲುವುದೇ ಇಲ್ಲ, ಮೇಲೆ ಕೆಳಗೆ ಅಲೆಯುತ್ತದೆ. ಅದರ ಫ್ಲೈವೀಲ್ (ಓಟವನ್ನು ಸಮ ಇರಿಸುವ ಚಕ್ರ) ತುಂಬ ಹಗುರ, ಟೇಪಿನ ವೇಗ ಒಂದೇ ಸಮ ಇರುವುದಿಲ್ಲ. ಮಾತಿನ ಭಾಷಣಕ್ಕೆ ಹೇಗೋ ಸಾಕು. ಶ್ರುತಿ ಹಿಡಿದು ಹಾಡುವ ಪದಕ್ಕೆ ಆಗುವುದಿಲ್ಲ. ವಾಪಸ್ ಕಳಿಸಿದೆ, ಹಣ ಬಂತು.

3. ಡೆಕ್ಕು ಮತ್ತು ಬೆಲ್ಟು

ಮಂಗಳೂರಿನ ಹಂಪನಕಟ್ಟೆ ಕಡೆ ಹಳೆ ಆಡಿಯೋ ಸಾಮಾನು ಮಾರುವ ಒಬ್ಬರ ಹತ್ತಿರ ಸ್ಟೀರಿಯೋ ಡೆಕ್ ಸಿಕ್ಕಿತು. 2,800 ರೂಪಾಯಿ. ಕರೆಂಟು ಹತ್ತುತ್ತದೆ, ಲೈಟು ಉರಿಯುತ್ತದೆ, ಟೇಪು ತಿರುಗುವುದಿಲ್ಲ. ಅಷ್ಟು ಹೇಳಿಯೇ ಕೊಟ್ಟರು.

ಮೇಲಿನ ಮುಚ್ಚಳ ತೆಗೆದರೆ ಕಾರಣ ಕಣ್ಣಿಗೇ ಕಾಣುತ್ತದೆ. ಮೋಟಾರಿನಿಂದ ಫ್ಲೈವೀಲ್‌ಗೆ ಹೋಗುವ ರಬ್ಬರ್ ಬೆಲ್ಟು ಕರಗಿ, ಗೇರುಬೀಜದ ಸಿಪ್ಪೆ ಎಣ್ಣೆಯ ಹಾಗೆ ಕಪ್ಪು ಅಂಟಾಗಿ ಪುಲ್ಲಿಗೆ ಮೆತ್ತಿಕೊಂಡಿತ್ತು. ಕೈಗೆ ತಾಗಿದರೆ ಸೋಪಿಗೂ ಹೋಗುವುದಿಲ್ಲ. ಗ್ಲೌಸ್ ಹಾಕಿಕೊಳ್ಳಿ, ಕೆಳಗೆ ಹಳೆ ಪೇಪರ್ ಹಾಸಿ. ಐಸೊಪ್ರೊಪೈಲ್ ಆಲ್ಕೊಹಾಲ್, ಕಿವಿ ಕಡ್ಡಿ, ಹಳೆ ಬನಿಯನ್ ತುಂಡು ಇಷ್ಟರಲ್ಲಿ ಒರೆಸಿದೆ. ಪುಲ್ಲಿಯ ಸಣ್ಣ ಗೀರಿನಲ್ಲಿ ಒಂದು ಚೂರು ಉಳಿದರೂ ಹೊಸ ಬೆಲ್ಟು ಜಿಗಿಯುತ್ತದೆ. ಹಾಗಾಗಿ ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೂ ಒರೆಸಬೇಕು.

ಹೊಸ ಬೆಲ್ಟಿನ ಅಳತೆ ಹೀಗೆ ತೆಗೆದೆ. ಬೆಲ್ಟು ಓಡುವ ದಾರಿಯಲ್ಲೇ ಹೊಲಿಗೆ ನೂಲು ಸುತ್ತಿ, ಗುರುತು ಹಾಕಿ, ಬಿಚ್ಚಿ ಸ್ಕೇಲಿನಲ್ಲಿ ಅಳೆದರೆ 26 ಸೆಂಟಿಮೀಟರ್. ರಬ್ಬರು ಸ್ವಲ್ಪ ಎಳೆದುಕೊಂಡು ಕೂರಬೇಕಲ್ಲ, ಅದಕ್ಕೆ ಆ ಅಳತೆಗಿಂತ ಚಿಕ್ಕದು ಬೇಕು. ಮೊದಲು ತಂದದ್ದು 22 ಸೆಂಟಿಮೀಟರ್ ಸುತ್ತಳತೆಯದ್ದು. ಟೇಪು ಓಡಿತು, ಆದರೆ ಮೋಟಾರು ಬಿಸಿಯಾಯಿತು, ಸ್ವರ ನಡುಗಿತು. ಅಂಗಡಿಯ ಹಿರಿಯ ಮೆಕ್ಯಾನಿಕ್‌ಗೆ ತೋರಿಸಿದೆ.

"ಇಷ್ಟು ಟೈಟ್ ಇದ್ರೆ ಮೋಟಾರಿನ ಬುಷ್ ತಿಂದು ಹೋಗ್ತದೆ ಸರ್. ಬೆರಳಲ್ಲಿ ಒತ್ತಿದ್ರೆ ಸ್ವಲ್ಪ ಬಗ್ಗಬೇಕು" ಅಂದರು. ಅವರೇ ಡಬ್ಬಿಯಲ್ಲಿ ಹುಡುಕಿ 24.5 ಸೆಂಟಿಮೀಟರಿನದ್ದು ಕೊಟ್ಟರು. ಅಂದರೆ ನೂಲಿನ ಅಳತೆಗಿಂತ ಸುಮಾರು ಶೇ. 6 ಕಡಿಮೆ. ಅಗಲ 5 ಮಿಲಿಮೀಟರ್, ಚಪ್ಪಟೆ ಜಾತಿ. ರೀಲು ತಿರುಗಿಸುವ ಸಣ್ಣ ಚೌಕ ಬೆಲ್ಟು ಬೇರೆ. ಎರಡೂ ಸೇರಿ 340 ರೂಪಾಯಿ. ಅಂಗಡಿಗಳಲ್ಲಿ ಬೆಲ್ಟನ್ನು ಚಪ್ಪಟೆ ಹಿಡಿದು ಉದ್ದ ಅಳೆಯುತ್ತಾರೆ. ಅದರ ಎರಡರಷ್ಟು ಸುತ್ತಳತೆ ಅನ್ನುವುದು ನೆನಪಿರಲಿ.

4. ಹೆಡ್ಡು ಮತ್ತು ವೇಗ

ಹೆಡ್ಡು (ಟೇಪಿನಿಂದ ಶಬ್ದ ಓದುವ ಭಾಗ), ಟೇಪನ್ನು ಎಳೆಯುವ ಕ್ಯಾಪ್‌ಸ್ಟನ್ ಕಡ್ಡಿ ಎರಡನ್ನೂ ಆಲ್ಕೊಹಾಲಿನಲ್ಲಿ ಒರೆಸಿದೆ. ಟೇಪನ್ನು ಒತ್ತಿ ಹಿಡಿಯುವ ರಬ್ಬರ್ ರೋಲರಿಗೆ ಬರೀ ನೀರಿನಲ್ಲಿ ಒದ್ದೆ ಮಾಡಿದ ಬಟ್ಟೆ. ಕಿವಿ ಕಡ್ಡಿಗೆ ಕಂದು ಬಣ್ಣ ಹತ್ತುತ್ತಲೇ ಇತ್ತು. ಅದೆಲ್ಲ ಹಳೆ ಟೇಪುಗಳಿಂದ ಉದುರಿದ ಪುಡಿ.

ಆಮೇಲೆ ಅಜಿಮತ್, ಅಂದರೆ ಹೆಡ್ಡು ನಿಲ್ಲುವ ಕೋನ. ಹೆಡ್ಡಿನ ಪಕ್ಕ ಸ್ಪ್ರಿಂಗ್ ಇರುವ ಒಂದು ಸಣ್ಣ ಸ್ಕ್ರೂ ಇರುತ್ತದೆ. ಹೆಡ್ಡು ಟೇಪಿಗೆ ಸರಿಯಾಗಿ ನೇರ ನಿಲ್ಲುವಂತೆ ಮಾಡುವುದು ಅದೇ. ಮಾವ ರೆಕಾರ್ಡ್ ಮಾಡಿದ ಮೆಷಿನ್ನಿನ ಹೆಡ್ಡು ಎಷ್ಟು ಓರೆ ಇತ್ತೋ, ನಮ್ಮ ಡೆಕ್ಕಿನ ಹೆಡ್ಡೂ ಅಷ್ಟೇ ಓರೆ ನಿಲ್ಲಬೇಕು. ಇಲ್ಲದಿದ್ದರೆ ಶಬ್ದ ಕಂಬಳಿ ಹೊದ್ದು ಮಾತಾಡಿದ ಹಾಗೆ ಮಂದ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಈ ಒಂದು ಸ್ಕ್ರೂ.

ಮಾಡುವ ಕ್ರಮ ಸುಲಭ. ಟೇಪು ಓಡುತ್ತಿರುವಾಗ ಹೆಡ್‌ಫೋನಿನಲ್ಲಿ ಕೇಳುತ್ತ ಸ್ಕ್ರೂವನ್ನು ತೀರಾ ನಿಧಾನ ತಿರುಗಿಸಬೇಕು. ಕಾಲು ಸುತ್ತಿನೊಳಗೇ ಎಲ್ಲ ಮುಗಿಯುತ್ತದೆ. ಜಾಗಟೆಯ ಸದ್ದು, ಅರ್ಥಧಾರಿಗಳ (ತಾಳಮದ್ದಳೆಯಲ್ಲಿ ಪಾತ್ರದ ಮಾತಾಡುವವರು) 'ಸ' 'ಶ' ಅಕ್ಷರಗಳು ಯಾವಾಗ ಚುರುಕಾಗಿ ಕೇಳುತ್ತವೋ ಅಲ್ಲಿ ನಿಲ್ಲಿಸಬೇಕು. ಮಾವನ ರೆಕಾರ್ಡರು ಮೊನೊ, ಅಂದರೆ ಎಡ ಬಲ ಎರಡರಲ್ಲೂ ಇರುವುದು ಒಂದೇ ಶಬ್ದ. ಹಾಗಾಗಿ ಆಡಾಸಿಟಿಯಲ್ಲಿ (ಶಬ್ದ ರೆಕಾರ್ಡ್ ಮಾಡಿ ತಿದ್ದುವ ಸಾಫ್ಟ್‌ವೇರ್) ಸ್ವಲ್ಪ ಹೊತ್ತು ರೆಕಾರ್ಡ್ ಮಾಡಿ, ತುಂಬ ಹಿಗ್ಗಿಸಿ ನೋಡಿದರೆ ಎರಡು ಗೆರೆಗಳ ಏರಿಳಿತ ಒಂದೇ ಕಡೆ ಬರಬೇಕು. ಒಂದು ಮುಂದೆ, ಒಂದು ಹಿಂದೆ ಇದ್ದರೆ ಸ್ಕ್ರೂ ಇನ್ನೂ ಸರಿಯಾಗಿಲ್ಲ. ಕಿವಿಗೆ ಅನುಮಾನ ಬಂದಾಗೆಲ್ಲ ಹೀಗೆ ಕಣ್ಣಲ್ಲಿ ನೋಡಿ ತೀರ್ಮಾನ ಮಾಡಿದೆ.

ವೇಗದ್ದು ಸ್ವಲ್ಪ ತಲೆನೋವು. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಅಳೆಯುವ ಟೆಸ್ಟ್ ಟೇಪ್ ನನ್ನ ಹತ್ತಿರ ಇರಲಿಲ್ಲ. ಮೊದಲು ಮಾಡಿ ನೋಡಿದ್ದು ಕರೆಂಟಿನ ಗುಂಯ್ ಸದ್ದಿನ ಉಪಾಯ. ಮನೆ ಕರೆಂಟಿನಲ್ಲಿ ರೆಕಾರ್ಡ್ ಮಾಡಿದ ಟೇಪಿನ ಹಿಂದೆ 50 ಹರ್ಟ್ಸಿನ ಸಣ್ಣ ಗುನುಗು ಇರುತ್ತದೆ. ಆಡಾಸಿಟಿಯ ಸ್ಪೆಕ್ಟ್ರಮ್ ಚಿತ್ರದಲ್ಲಿ ಅದು 51ರಲ್ಲಿ ಕಂಡರೆ ಡೆಕ್ಕು ಶೇ. 2 ಜೋರಾಗಿ ಓಡುತ್ತಿದೆ ಅನ್ನುವ ಲೆಕ್ಕ. ಆದರೆ ಇದರಲ್ಲಿ ಎರಡು ತೊಡಕು. ಡೆಕ್ಕಿನದ್ದೇ ಗುನುಗು ಕೂಡ ಜೊತೆಗೆ ಸೇರುತ್ತದೆ. ಅದಕ್ಕಿಂತ ದೊಡ್ಡ ತೊಡಕು ಎಂದರೆ, ಆ ಕಾಲದಲ್ಲಿ ನಮ್ಮ ಕರೆಂಟೇ 50ಕ್ಕೆ ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ, ಆಗಾಗ ಕೆಳಗೆ ಇಳಿಯುತ್ತಿತ್ತು. ಒಂದು ಟೇಪು ಒಂದು ಉತ್ತರ, ಇನ್ನೊಂದು ಟೇಪು ಇನ್ನೊಂದು ಉತ್ತರ ಕೊಟ್ಟವು. ಅದನ್ನು ಬಿಟ್ಟೆ.

ಕೆಲಸಕ್ಕೆ ಬಂದದ್ದು ಸಿನಿಮಾ ಹಾಡಿನ ಕ್ಯಾಸೆಟ್. ಅದೇ ಹಾಡು ಅದೇ ರೂಪದಲ್ಲಿ ಡಿಜಿಟಲ್ ಆಗಿ ಸಿಗುತ್ತದೆ. ಎರಡರಲ್ಲೂ ತಬಲಾದ ಒಂದು ಪೆಟ್ಟಿನಿಂದ ಕೊನೆಯ ಇನ್ನೊಂದು ಪೆಟ್ಟಿನವರೆಗೆ ಅಳೆದೆ. ಡಿಜಿಟಲ್‌ನಲ್ಲಿ 240 ಸೆಕೆಂಡ್, ಡೆಕ್ಕಿನಲ್ಲಿ 234. ಅಂದರೆ ಸುಮಾರು ಶೇ. 2.5 ಜೋರು. ಮೋಟಾರಿನ ಹಿಂಬದಿ ಒಂದು ತೂತು ಇದೆ, ಒಳಗೆ ವೇಗ ಹೊಂದಿಸುವ ಪುಟ್ಟ ತಿರುಪು. ಗಡಿಯಾರ ರಿಪೇರಿಯ ಸ್ಕ್ರೂಡ್ರೈವರ್ ಹಾಕಿ ಕೂದಲೆಳೆಯಷ್ಟು ತಿರುಗಿಸುವುದು, ಮತ್ತೆ ಅಳೆಯುವುದು. 240ಕ್ಕೆ ಬಂದು ನಿಂತ ಮೇಲೆ ತೂತಿಗೆ ಟೇಪು ಅಂಟಿಸಿದೆ. ಇನ್ನೊಂದು ಹಾಡಿನಲ್ಲೂ ನೋಡಿಕೊಳ್ಳಿ. ಮಾರಾಟದ ಕ್ಯಾಸೆಟ್‌ಗಳಲ್ಲೂ ವೇಗ ತಪ್ಪಿದವು ಇರುತ್ತವೆ.

5. ಬೂಷ್ಟು

ಕ್ಯಾಸೆಟ್ಟಿನ ಕಿಟಕಿಯಿಂದ ನೋಡಿದರೆ ಟೇಪಿನ ಸುರುಳಿ ಕಂದಾಗಿ ನುಣ್ಣಗೆ ಕಾಣಬೇಕು. ಬಿಳಿ ಪುಡಿ, ಬಿಳಿ ನೂಲಿನಂಥ ಗೆರೆ ಕಂಡರೆ ಬೂಷ್ಟು. ಅದನ್ನು ಸೀದಾ ಡೆಕ್ಕಿಗೆ ಹಾಕಬೇಡಿ. ಡೆಕ್ಕಿಗೂ ಹತ್ತುತ್ತದೆ, ಅಲ್ಲಿಂದ ಒಳ್ಳೆ ಕ್ಯಾಸೆಟ್‌ಗಳಿಗೂ ಹೋಗುತ್ತದೆ.

ಬೂಷ್ಟು ಹಿಡಿದವನ್ನೆಲ್ಲ ಬೇರೆ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಒಂದು ವಾರ ಇಟ್ಟೆ. ಒಣಗಿದ ಮೇಲೆ ಬೂಷ್ಟು ಪುಡಿಯಾಗಿ ಸುಲಭವಾಗಿ ಬರುತ್ತದೆ. ಆಮೇಲೆ ಹಿಂದಿನ ಜಗಲಿಯಲ್ಲಿ, ಮಾಸ್ಕ್ ಹಾಕಿಕೊಂಡು, ಗಾಳಿ ನಮ್ಮಿಂದ ಆಚೆಗೆ ಬೀಸುವ ಕಡೆ ಕೂತು ಒರೆಸುವುದು. ಐದು ಸ್ಕ್ರೂ ಇರುವ ಕ್ಯಾಸೆಟ್ ಬಿಚ್ಚಲು ಬರುತ್ತದೆ. ಸುರುಳಿಯ ಅಂಚನ್ನು ಮೆತ್ತನೆ ಒಣ ಬ್ರಷ್ಷಿನಲ್ಲಿ ಗುಡಿಸಿ, ಟೇಪನ್ನು ಒಣ ಬಟ್ಟೆಯ ಮಡಿಕೆಯ ನಡುವೆ ಹಗುರವಾಗಿ ಹಾಯಿಸುತ್ತ ಇನ್ನೊಂದು ರೀಲಿಗೆ ಸುತ್ತಿದೆ. ಸುತ್ತಲು ಮನೆಯಲ್ಲಿದ್ದ ಮುರುಕು ಟೇಪ್ ರೆಕಾರ್ಡರ್ ಬಳಸಿದೆ, ಒಳ್ಳೆ ಡೆಕ್ಕನ್ನು ಮುಟ್ಟಲಿಲ್ಲ.

ಅಂಟಿಸಿ ಮಾಡಿದ, ಸ್ಕ್ರೂ ಇಲ್ಲದ ಕ್ಯಾಸೆಟ್‌ಗಳನ್ನು ಅಂಚಿನಲ್ಲಿ ಬ್ಲೇಡು ಹಾಕಿ ಸೀಳಬೇಕು. ರೀಲುಗಳನ್ನು ಸ್ಕ್ರೂ ಇರುವ ಬೇರೆ ಖಾಲಿ ಕವಚಕ್ಕೆ ಕೂರಿಸಬೇಕು. ಟೇಪನ್ನು ಹೆಡ್ಡಿಗೆ ಒತ್ತುವ ಪುಟ್ಟ ಫೆಲ್ಟ್ ತುಂಡು ಹಲವು ಕ್ಯಾಸೆಟ್‌ಗಳಲ್ಲಿ ಗೋಂದು ಒಣಗಿ ಉದುರಿಹೋಗಿತ್ತು. ಅದಿಲ್ಲದಿದ್ದರೆ ಶಬ್ದ ಬಂದು ಹೋಗಿ ಆಗುತ್ತದೆ. ಇದಕ್ಕೂ ಕವಚ ಬದಲಿಸುವುದೇ ಪರಿಹಾರ. ತುಂಡಾದ ಟೇಪಿಗೆ ಸ್ಪ್ಲೈಸಿಂಗ್ ಟೇಪನ್ನೇ ತರಿಸಿ. ಸಾದಾ ಸೆಲ್ಲೋ ಟೇಪಿನ ಗೋಂದು ನಮ್ಮ ಸೆಖೆಗೆ ಹೊರಗೆ ಬಂದು ಅಕ್ಕಪಕ್ಕದ ಸುತ್ತಿಗೆ ಅಂಟುತ್ತದೆ. ಹೆಡ್ಡಿಗೆ ತಾಗುವುದು ಟೇಪಿನ ಹೊರ ಮೈ, ಅಂಟಿಸಬೇಕಾದ್ದು ಒಳ ಮೈಗೆ.

6. ಕಂಪ್ಯೂಟರು

ಲ್ಯಾಪ್‌ಟಾಪಿಗೆ ಹತ್ತು ವರ್ಷ ದಾಟಿದೆ, 4 ಜಿಬಿ ಮೆಮೊರಿ. ವಿಂಡೋಸ್ 11 ಇದಕ್ಕೆ ಹಾಕಲು ಆಗುವುದಿಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸಿನ ಬದಲು ಲಿನಕ್ಸ್ ಮಿಂಟ್ ಎಂಬ ಓಪನ್ ಸೋರ್ಸ್ ವ್ಯವಸ್ಥೆಯ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿದೆ, ಸುಖವಾಗಿ ಓಡುತ್ತಿದೆ. ಚೆನ್ನಾಗಿರುವ ಮೆಷಿನ್ನನ್ನು ಗುಜರಿಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಇಂಥ ಕೆಲಸಕ್ಕೆ ಹೊಸ ಲ್ಯಾಪ್‌ಟಾಪು ಬೇಡವೇ ಬೇಡ.

ಡೆಕ್ಕಿನಿಂದ ಲ್ಯಾಪ್‌ಟಾಪಿಗೆ ಶಬ್ದ ತರುವುದರಲ್ಲಿ ಒಂದು ಅಡ್ಡಿ. ಲ್ಯಾಪ್‌ಟಾಪಿನಲ್ಲಿ ಇರುವುದು ಮೈಕಿನ ತೂತು, ಅದು ಮೊನೊ, ಸದ್ದು ಒಡೆಯುತ್ತದೆ. 200 ರೂಪಾಯಿಯ ಯುಎಸ್‌ಬಿ ಸೌಂಡ್ ಕಾರ್ಡಿನಲ್ಲೂ ಅದೇ ಕತೆ. ಕೊನೆಗೆ ಬೆಹ್ರಿಂಗರ್ ಯುಸಿಎ202 ಎಂಬ, ಸ್ಟೀರಿಯೋ ಶಬ್ದ ಒಳಗೆ ತರುವ ಯುಎಸ್‌ಬಿ ಸಾಧನವನ್ನು ಸೆಕೆಂಡ್ ಹ್ಯಾಂಡ್ 1,600ಕ್ಕೆ ತಂದೆ. ಡೆಕ್ಕಿನ ಕೆಂಪು-ಬಿಳಿ ಪಿನ್ನುಗಳು ಇದಕ್ಕೆ ನೇರ ಕೂರುತ್ತವೆ. ಮಿಂಟಿಗೆ ಚುಚ್ಚಿದ ಕೂಡಲೇ ಗುರುತು ಹಿಡಿಯಿತು, ಡ್ರೈವರ್ ಅಂತ ಏನೂ ಹಾಕಬೇಕಾಗಿಲ್ಲ. 16 ಬಿಟ್, 48 ಕಿಲೋಹರ್ಟ್ಸ್ ಅದರ ಮಿತಿ. ಕ್ಯಾಸೆಟ್ಟಿಗೆ ಅದು ಧಾರಾಳ ಸಾಕು.

7. ರೆಕಾರ್ಡಿಂಗ್

ಆಡಾಸಿಟಿ 1999ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು. 2021ರಲ್ಲಿ ಮ್ಯೂಸ್ ಗ್ರೂಪ್ ಅದನ್ನು ತೆಗೆದುಕೊಂಡಾಗ ಬಳಕೆಯ ಮಾಹಿತಿ ಸಂಗ್ರಹಿಸುವ ವಿಚಾರಕ್ಕೆ ದೊಡ್ಡ ಗಲಾಟೆ ಆಯಿತು. ಜನ ಸಿಟ್ಟಾಗಿ ಅದೇ ಕೋಡಿನಿಂದ ಬೇರೆ ಕವಲುಗಳನ್ನು ಮಾಡಿಕೊಂಡರು. ಓಪನ್ ಸೋರ್ಸಿನಲ್ಲಿ ನನಗೆ ಬಹಳ ಇಷ್ಟವಾಗುವುದು ಇದೇ. ಯಜಮಾನ ಬದಲಾದರೂ ಕೋಡು ಎಲ್ಲರ ಕೈಯಲ್ಲೇ ಉಳಿಯುತ್ತದೆ. ನಾನು ಬಳಸುತ್ತಿರುವುದು ಮಿಂಟಿನ ಜೊತೆ ಸಿಗುವ ಸಾದಾ ಆಡಾಸಿಟಿಯನ್ನೇ.

ಮಟ್ಟ ಹೊಂದಿಸುವಾಗ ಚೆಂಡೆಯ ಜೋರು ಪೆಟ್ಟು ಬರುವ ಜಾಗ ಹುಡುಕಿ ಅಲ್ಲಿ ನೋಡಬೇಕು. ಮಾತಿಗೆ ಹೊಂದಿಸಿದರೆ ಚೆಂಡೆ ಬಂದಾಗ ಒಡೆಯುತ್ತದೆ. ಅತಿ ಜೋರು ಪೆಟ್ಟು ಮೈನಸ್ 6 ಡೆಸಿಬೆಲ್ ದಾಟದ ಹಾಗೆ ಇಟ್ಟೆ. ಮಾತು ಸಣ್ಣಗೆ ಕೇಳಿದರೂ ಪರವಾಗಿಲ್ಲ, ಆಮೇಲೆ ಏರಿಸಬಹುದು.

ಮಳೆಗಾಲದ ಗುಡುಗಿಗೆ ಒಮ್ಮೆ ನಡುವೆ ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿರುವುದರಿಂದ ಅದೂ ಆಫ್. ಮತ್ತೆ ತೆರೆದಾಗ ಆಡಾಸಿಟಿ ತಾನಾಗಿಯೇ ಉಳಿದ ರೆಕಾರ್ಡಿಂಗನ್ನು ತೋರಿಸಿತು, ಕೊನೆಯ ಕೆಲವು ಸೆಕೆಂಡ್ ಬಿಟ್ಟು ಎಲ್ಲ ಇತ್ತು. ಆದರೂ ಗುಡುಗು ಶುರುವಾದರೆ ಈಗ ಪ್ಲಗ್ ತೆಗೆದೇ ಬಿಡುತ್ತೇನೆ.

ನಾಯ್ಸ್ ರಿಡಕ್ಷನ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಟೇಪಿನ 'ಸ್ಸ್' ಸದ್ದು ತೆಗೆಯಲು 12 ಡೆಸಿಬೆಲ್ ಇಟ್ಟು ಓಡಿಸಿದೆ. ಹಿನ್ನೆಲೆ ಒಮ್ಮೆಲೇ ಸ್ವಚ್ಛ. ಖುಷಿಯಿಂದ ಮಾವನಿಗೆ ಕೇಳಿಸಿದೆ. ಅವರು ಕಣ್ಣು ಮುಚ್ಚಿ ಕೇಳಿ, "ಜಾಗಟೆಗೆ ಪೆಟ್ಟು ಬಿದ್ದದ್ದು ಕೇಳ್ತದೆ. ಆಮೇಲಿನ ನಾದ ಎಲ್ಲಿಗೆ ಹೋಯ್ತು ಮಾರಾಯಾ?" ಅಂದರು. ಮೂಲ ಹಾಕಿ ಕೇಳಿದರೆ ಅವರು ಹೇಳಿದ್ದು ನಿಜ. ಜಾಗಟೆಯ ಪೆಟ್ಟಿನ ನಂತರ ಉಳಿಯುವ ಸಣ್ಣ ನಾದ ಟೇಪಿನ ಸದ್ದಿನಷ್ಟೇ ಮೆಲ್ಲಗೆ ಇರುತ್ತದೆ. ಸಾಫ್ಟ್‌ವೇರಿಗೆ ಎರಡೂ ಒಂದೇ. ಮದ್ದಳೆಯ ಬೆರಳಿನ ಸಣ್ಣ ಬೋಲುಗಳು, ಅರ್ಥಧಾರಿ ಮಾತು ನಿಲ್ಲಿಸಿದಾಗ ಸಭೆಯ ಗುಸುಗುಸು, ಎಲ್ಲ ಅದರ ಜೊತೆಗೇ ಹೋಗಿದ್ದವು. ಮಾತಿಗೆ ನೀರೊಳಗಿನ ಥರ ಒಂದು ಗುಣ ಬಂದಿತ್ತು.

ಅಂದಿನಿಂದ ಮೂಲ ಪ್ರತಿಗೆ ಏನೂ ಮಾಡುವುದಿಲ್ಲ. ಡೆಕ್ಕಿನಿಂದ ಬಂದದ್ದು ಹಾಗೇ ಫ್ಲಾಕ್ ಎಂಬ ಬಗೆಯ ಫೈಲಾಗಿ ಉಳಿಯುತ್ತದೆ. ತೀರಾ ಕೆಟ್ಟ ಟೇಪುಗಳಿಗೆ ಮಾತ್ರ ಬೇರೆ ಪ್ರತಿ ಮಾಡಿ, ಅದಕ್ಕೆ 6 ಡೆಸಿಬೆಲ್‌ಗಿಂತ ಹೆಚ್ಚು ಹಾಕುವುದಿಲ್ಲ. ಕಿವಿ ಐದು ನಿಮಿಷದಲ್ಲಿ ಟೇಪಿನ ಸದ್ದನ್ನು ಮರೆಯುತ್ತದೆ. ಜಾಗಟೆಯ ನಾದ ಹೋದರೆ ವಾಪಸ್ ಬರುವುದಿಲ್ಲ.

ಫ್ಲಾಕ್ ಏಕೆ ಅಂದರೆ, ಅದರಲ್ಲಿ ಶಬ್ದ ಒಂದು ಚೂರೂ ಕಳೆಯದೆ ಗಾತ್ರ ಇಳಿಯುತ್ತದೆ. ಒಂದು ಸಿ-90 ಹಾಗೇ ಇಟ್ಟರೆ ಸುಮಾರು 1 ಜಿಬಿ, ಫ್ಲಾಕ್ ಆದರೆ ಅದರ ಅರ್ಧದ ಆಸುಪಾಸು. ಫೈಲಿನ ಒಳಗೇ ಪರೀಕ್ಷೆಯ ಸಂಖ್ಯೆ ಇರುವುದರಿಂದ, ಹಾರ್ಡ್ ಡಿಸ್ಕಿನಲ್ಲಿ ಕೆಟ್ಟುಹೋಗಿದೆಯೋ ಇಲ್ಲವೋ ಅಂತ ಯಾವಾಗ ಬೇಕಾದರೂ ನೋಡಬಹುದು.

8. ಹೆಸರು ಹಾಕುವುದು

ಮಾವ ಎಷ್ಟೋ ವರ್ಷದ ಹಿಂದೆ ಒಬ್ಬರ ಹತ್ತಿರ ಕ್ಯಾಸೆಟ್‌ಗಳ ಪಟ್ಟಿ ಟೈಪ್ ಮಾಡಿಸಿದ್ದರು. ಫೈಲು ಸಿಡಿಯಲ್ಲಿ ಭದ್ರವಾಗಿ ಇತ್ತು. ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಯೂನಿಕೋಡ್ ಅಲ್ಲದ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ್ದು. ಬದಲಿಸುವ ಸಣ್ಣ ಓಪನ್ ಸೋರ್ಸ್ ಪ್ರೋಗ್ರಾಮ್‌ನಿಂದ ಹೆಚ್ಚಿನದು ಓದುವ ಹಾಗೆ ಬಂತು. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಕೈಯಲ್ಲೇ ತಿದ್ದಿದೆ. ನಮ್ಮ ಭಾಷೆಯ ದಾಖಲೆ ಯಾರದೋ ಒಂದು ಫಾಂಟಿಗೆ ಕಟ್ಟುಬಿದ್ದಿರಬಾರದು ಅನ್ನುವುದು ನನಗೆ ಅವತ್ತು ಚೆನ್ನಾಗಿ ಅರ್ಥವಾಯಿತು.

ಹೆಸರು ಹಾಕಲು ಮ್ಯೂಸಿಕ್‌ಬ್ರೇನ್ಜ್ ಪಿಕಾರ್ಡ್ ಎಂಬ ಪ್ರೋಗ್ರಾಮ್ ನೋಡಿದೆ. ಅದು ಆಲ್ಬಮ್ಮುಗಳ ದೊಡ್ಡ ಪಟ್ಟಿಯಲ್ಲಿ ಹುಡುಕುತ್ತದೆ. ಗದ್ದೆಯಲ್ಲಿ ಮಾಡಿದ ರೆಕಾರ್ಡಿಂಗ್ ಅಲ್ಲಿ ಎಲ್ಲಿಂದ ಬರಬೇಕು? ನಾವೇ ವಿವರ ತುಂಬುವ ಕಿಡ್3 ಎಂಬ ಪ್ರೋಗ್ರಾಮ್ ಸರಿಹೋಯಿತು. ಆರ್ಟಿಸ್ಟ್ ಜಾಗಕ್ಕೆ ಭಾಗವತರು, ಆಲ್ಬಮ್ ಜಾಗಕ್ಕೆ ಪ್ರಸಂಗ (ಆಡಿದ ಕಥೆ). ಚೆಂಡೆ, ಮದ್ದಳೆ, ಅರ್ಥಧಾರಿಗಳು ಅಂತ ನಮ್ಮದೇ ಹೊಸ ಖಾನೆಗಳನ್ನೂ ಸೇರಿಸಬಹುದು. ಕನ್ನಡದಲ್ಲೇ ಬರೆದೆ, ಫ್ಲಾಕಿನಲ್ಲಿ ಅದಕ್ಕೆ ಯಾವ ತೊಂದರೆಯೂ ಇಲ್ಲ. ಮಾವನ ಕಾರಿನ ಸ್ಟೀರಿಯೋದಲ್ಲಿ ಮಾತ್ರ ಕನ್ನಡ ಚೌಕ ಚೌಕವಾಗಿ ಕಾಣುತ್ತದೆ. ಪೆನ್‌ಡ್ರೈವಿಗೆ ಎಂಪಿ3 ಮಾಡಿ ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಟ್ಟೆ.

ಲೇಬಲ್ ಇಲ್ಲದವನ್ನು ಮಾವನ ಜೊತೆ ಕೂತು ಕೇಳಿ ಗುರುತಿಸಿದೆವು. ಭಾಗವತರ ಕೈಯಲ್ಲಿ ಜಾಗಟೆ ಕೇಳಿದರೆ ತೆಂಕು, ತಾಳ ಕೇಳಿದರೆ ಬಡಗು (ಯಕ್ಷಗಾನದ ದಕ್ಷಿಣ, ಉತ್ತರದ ಎರಡು ಶೈಲಿಗಳು). ಬಡಗಿನ ಭಾಗವತ ಕಾಳಿಂಗ ನಾವಡರ ಸ್ವರ ಇದ್ದರೆ ಅದು 1990ಕ್ಕಿಂತ ಈಚಿನದ್ದು ಆಗಿರಲು ಸಾಧ್ಯವಿಲ್ಲ, ಅವರು ತೀರಿಕೊಂಡದ್ದು ಆ ವರ್ಷ. ಒಂದು ಟೇಪಿನಲ್ಲಿ ವಾಲಿಯ ಮಾತು ಶುರುವಾಗಿ ಎರಡು ವಾಕ್ಯ ಆಗುವಷ್ಟರಲ್ಲಿ ಮಾವ "ಶೇಣಿಯವರು" ಅಂದರು. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು 2006ರಲ್ಲಿ ತೀರಿಕೊಂಡರು. ನಾನು ಅವರನ್ನು ಕೂಟದಲ್ಲಿ ನೋಡಿದವನಲ್ಲ. ಆ ಬದಿ ಮುಗಿಯುವವರೆಗೆ ನಾವಿಬ್ಬರೂ ಎದ್ದೇಳಲಿಲ್ಲ. ಕೊನೆಯಲ್ಲಿ ತಾಳಮದ್ದಳೆ ಅರ್ಧಕ್ಕೆ ನಿಂತು, ಅದೇ ಟೇಪಿನಲ್ಲಿ ಮೊದಲು ಇದ್ದ ಯಾವುದೋ ಸಿನಿಮಾ ಹಾಡಿನ ಬಾಲ ಬಂತು. ಅದನ್ನೂ ಕತ್ತರಿಸದೆ ಇಟ್ಟಿದ್ದೇನೆ.

ಮನೆಯವರೆಲ್ಲ ಕೇಳಲು ಅದೇ ಲ್ಯಾಪ್‌ಟಾಪಿನಲ್ಲಿ ನಾವಿಡ್ರೋಮ್ (ಹಾಡುಗಳನ್ನು ಬೇರೆ ಸಾಧನಗಳಿಗೆ ಕಳಿಸುವ ಪ್ರೋಗ್ರಾಮ್) ಓಡಿಸುತ್ತಿದ್ದೇನೆ. ಫೋನಿನಲ್ಲಿ ಎಫ್-ಡ್ರಾಯ್ಡ್ ಎಂಬ ಓಪನ್ ಸೋರ್ಸ್ ಆ್ಯಪ್‌ಗಳ ತಾಣದಿಂದ ಅಲ್ಟ್ರಾಸಾನಿಕ್ ಆ್ಯಪ್ ಹಾಕಿದರೆ ಮನೆಯ ವೈಫೈನಲ್ಲಿ ಕೇಳುತ್ತದೆ. ಹೊರಗೆ ಎಲ್ಲೂ ಹಾಕಿಲ್ಲ. ಅಂಗಡಿ ಕ್ಯಾಸೆಟ್‌ಗಳಿಗೆ ಹಕ್ಕುದಾರರು ಇದ್ದಾರೆ. ಮನೆ ರೆಕಾರ್ಡಿಂಗ್‌ಗಳಲ್ಲಿ ಹಾಡಿದವರು, ಮಾತಾಡಿದವರು ಇದ್ದಾರೆ. ಅವರ ಮನೆಯವರನ್ನು ಕೇಳದೆ ಯೂಟ್ಯೂಬಿಗೆ ಏರಿಸುವುದು ನ್ಯಾಯವಲ್ಲ. ಪರಿಚಯದ ಒಬ್ಬ ಕಲಾವಿದರ ಮಗನಿಗೆ ಅವರ ತಂದೆಯ ರೆಕಾರ್ಡಿಂಗ್ ಪೆನ್‌ಡ್ರೈವಿನಲ್ಲಿ ಕೊಟ್ಟೆ.

9. ಖರ್ಚು, ಬಾಕಿ ಇರುವುದು

ಡೆಕ್ 2,800, ಬೆಲ್ಟುಗಳು 340, ಯುಸಿಎ202 1,600, ಆಲ್ಕೊಹಾಲ್ 260, ಸಿಲಿಕಾ ಜೆಲ್ 180, ಸ್ಪ್ಲೈಸಿಂಗ್ ಟೇಪ್ 450. ಒಟ್ಟು 5,630 ರೂಪಾಯಿ. ಉಪಯೋಗಕ್ಕೆ ಬಾರದ ಮೊದಲ ಬೆಲ್ಟು, ಸೌಂಡ್ ಕಾರ್ಡು ಈ ಲೆಕ್ಕದಲ್ಲಿಲ್ಲ. ಬ್ಯಾಕಪ್‌ಗೆ ಎರಡು ಹಾರ್ಡ್ ಡಿಸ್ಕು ಮನೆಯಲ್ಲೇ ಇದ್ದವು. ಒಂದನ್ನು ಮಂಗಳೂರಿನ ಕದ್ರಿಯಲ್ಲಿರುವ ಅಕ್ಕನ ಮನೆಯಲ್ಲಿ ಇಟ್ಟಿದ್ದೇನೆ. ಸಾಫ್ಟ್‌ವೇರಿಗೆ ಖರ್ಚಿಲ್ಲ. ಲಿನಕ್ಸ್ ಮಿಂಟಿಗೆ ಕೈಲಾದಷ್ಟು ದೇಣಿಗೆ ಕಳಿಸಿದೆ. ಪುಕ್ಕಟೆ ಸಿಗುತ್ತದೆ ಅಂದ ಮಾತ್ರಕ್ಕೆ ಅದನ್ನು ಮಾಡುವವರಿಗೆ ಖರ್ಚಿಲ್ಲ ಅಂತಲ್ಲ.

ಬಾಕಿ ಉಳಿದದ್ದು ಎರಡು ಬಗೆ. ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿರುವ ಕೆಲವು ಟೇಪುಗಳಿವೆ. ಎಳೆದರೆ ಕಂದು ಪದರವೇ ಕಿತ್ತು ಬರುತ್ತದೆ. ಅವನ್ನು ಸಿಲಿಕಾ ಜೆಲ್ಲಿನ ಡಬ್ಬಿಯಲ್ಲೇ ಬಿಟ್ಟಿದ್ದೇನೆ, ಮಳೆ ಪೂರ್ತಿ ಹೋಗಿ ಗಾಳಿ ಒಣಗಿದ ಮೇಲೆ, ಡಿಸೆಂಬರಿನಲ್ಲಿ ಮುಟ್ಟುತ್ತೇನೆ. ಇನ್ನೊಂದು, ಫೆಲ್ಟ್ ಉದುರಿದ ಕ್ಯಾಸೆಟ್‌ಗಳು. ಅವಕ್ಕೆ ಸ್ಕ್ರೂ ಇರುವ ಖಾಲಿ ಕವಚಗಳು ಬೇಕು. ನಿಮ್ಮ ಮನೆಯಲ್ಲಿ ಕೇಳುವಂಥದ್ದು ಏನೂ ಇಲ್ಲದ ಹಳೆ ಕ್ಯಾಸೆಟ್ ಇದ್ದರೆ ಗುಜರಿಗೆ ಹಾಕುವ ಮೊದಲು ಐದು ಸ್ಕ್ರೂ ಇದೆಯಾ, ಒಳಗೆ ಫೆಲ್ಟ್ ಗಟ್ಟಿ ಇದೆಯಾ ನೋಡಿ. ಇದ್ದರೆ ಎತ್ತಿಡಿ.